ಬೂದಿ, ದರಕು ಮತ್ತು ಒಂದು ಚೊಂಬು

ಆ ಕೋಣೆಗೆ ನಮ್ಮ ಭಾಷೆಯಲ್ಲಿ ನೆಟ್ಟಗೆ ಒಂದು ಹೆಸರಿಲ್ಲ. ಅಜ್ಜ ‘ಬಯಲ ಕಡೆ’ ಹೋಗಿ ಬರುತ್ತಿದ್ದ. ಬಯಲುಸೀಮೆಯ ನೆಂಟರು ‘ಕೆರೆ ಕಡೆ’ ಹೊರಡುತ್ತಿದ್ದರು, ಕೆರೆ ಬತ್ತಿ ಎಷ್ಟು ವರ್ಷವಾಗಿದ್ದರೂ. ಧಾರವಾಡದ ಗೆಳೆಯನದು ‘ಚರಿಗಿ ತಗೊಂಡು ಹೋಗೋದು’. ಶಾಲೆಯ ಮಕ್ಕಳು ಎರಡು ಬೆರಳೆತ್ತುತ್ತಿದ್ದರು. ಅಷ್ಟು ವರ್ಷ ಗಣಿತ ಕಲಿಸಿದ ನನಗೆ ಎರಡೆಂಬ ಅಂಕಿಯ ಮೇಲೆ ಇವತ್ತಿಗೂ ಸಣ್ಣ ಗುಮಾನಿ. ಪಾಯಖಾನೆ ಪಾರ್ಸಿಯಿಂದ ಬಂತು, ಕಕ್ಕಸು ಡಚ್ಚರ ಕಡೆಯದು ಎನ್ನುತ್ತಾರೆ, ಟಾಯ್ಲೆಟ್ಟು ಇಂಗ್ಲಿಷರದು. ಊರವರಿಂದೆಲ್ಲ ಕಡ ತಂದೆವು, ನಮ್ಮದೆಂದು ಮಾತ್ರ ಒಪ್ಪಿಕೊಳ್ಳಲಿಲ್ಲ.

ಪಿಂಚಣಿ ಶುರುವಾದ ಮೇಲೆ ಸಾಗರದ ಕಡೆಯ ತೋಟದಲ್ಲಿ ಒಂದು ಬಚ್ಚಲು, ಒಂದು ‘ಅದು’ ಕಟ್ಟಿಸಲು ಹೊರಟೆ. ಅಲ್ಲಿಗೆ ಕರೆಂಟಿಲ್ಲ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು ಮಾರ್ಚ್ ಕಳೆದರೆ ನಾಗರಹಾವಿನಂತೆ ಬುಸ್ ಅನ್ನುತ್ತದೆ, ಅಷ್ಟೇ. ಹಳೇ ಮಾದರಿಯ ಫ್ಲಶ್ಶು ಒಂದು ಸಲಕ್ಕೆ ಹತ್ತು ಲೀಟರ್ ಬೇಡುತ್ತದೆ. ಗುಂಡಿ ತೋಡೋಣವೆಂದರೆ ಇಪ್ಪತ್ತು ಹೆಜ್ಜೆ ಕೆಳಗೆ ಬಾವಿ. ಜಂಬಿಟ್ಟಿಗೆಯ ನೆಲವೋ ಜರಡಿ, ಮಳೆಗಾಲದಲ್ಲಿ ಒರತೆ ಮೇಲಕ್ಕೇ ಬಂದು ಕೂರುತ್ತದೆ. ನಮ್ಮದನ್ನು ನಾವೇ ಸೇದಿ ಕುಡಿದಂತೆ. ಆದ್ದರಿಂದ ನೆಲದ ಮೇಲೆಯೇ ಎರಡು ಕಲ್ಲಿನ ಗೂಡು, ಅದರ ಮೇಲೆ ಕೋಣೆ, ಹತ್ತಲು ನಾಲ್ಕು ಮೆಟ್ಟಿಲು ಎಂದು ತೀರ್ಮಾನವಾಯಿತು.

ಮೇಸ್ತ್ರಿ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಮೇಷ್ಟ್ರೇ, ಇದಕ್ಕೆ ನೀರಿನ ಕನೆಕ್ಷನ್ ಎಲ್ಲಿಂದ?”

“ನೀರಿಲ್ಲ.”

“ಮತ್ತೆ ಅದು ಎಲ್ಲಿಗೆ ಹೋಗ್ತದೆ?”

“ಎಲ್ಲಿಗೂ ಹೋಗೋದಿಲ್ಲ. ಅಲ್ಲೇ ಇರ್ತದೆ.”

ಮೇಸ್ತ್ರಿ ಆ ದಿನ ಎಲೆ ಅಡಿಕೆ ಹಾಕದೆ ಸುಮ್ಮನೆ ಕೂತಿದ್ದ.

ಬಚ್ಚಲಿಗೆ ಇಷ್ಟು ಯೋಚನೆ ಬೇಕಾಗಲಿಲ್ಲ. ಹಂಡೆ, ಒಲೆ, ಒಂದು ಹಾಸುಗಲ್ಲು, ನೀರು ಬಾಳೆಯ ಬುಡಕ್ಕೆ ಹೋಗುವ ಕಾಲುವೆ. ಅಜ್ಜಿಯ ಕಾಲದ ಏರ್ಪಾಡು. ತಲೆ ಕೆಡಿಸಿದ್ದು ಪಕ್ಕದ್ದು. ಅದರ ಬೇಸಿನ್ನಿಗೆ ಮೂರು ಬಾಯಿ: ಮುಂದಿನದರಲ್ಲಿ ಮೂತ್ರ ಕ್ಯಾನಿಗೆ, ನಡುವಿನದು ನೇರ ಗೂಡಿಗೆ, ಹಿಂದಿನದು ತೊಳೆದ ನೀರಿಗೆ. ಗುಟ್ಟಿರುವುದು ಈ ಬೇರ್ಪಡಿಸುವುದರಲ್ಲೇ. ಎರಡೂ ಕಲೆತು ಒದ್ದೆಯಾಗಿ ಕೂತರೆ ಗಾಳಿಯಾಡದೆ ಕೊಳೆಯುತ್ತದೆ, ನಾರುತ್ತದೆ. ಒಣಗಿದ್ದರೆ ನಾರುವುದಿಲ್ಲ. ಪ್ರತಿ ಸಲ ಮೇಲೆ ಎರಡು ಹಿಡಿ ದರಕು, ಮರದ ಪುಡಿ, ಒಂದು ಚಿಟಿಕೆ ಬೂದಿ. ಬೂದಿ ಮಾತ್ರ ಸುರಿದರೆ ಒಣಗುತ್ತದೆ, ಗೊಬ್ಬರವಾಗುವುದಿಲ್ಲ. ಕ್ಷಾರ ಹೆಚ್ಚಾಗಿ ಸೂಕ್ಷ್ಮಜೀವಿಗಳಿಗೂ ಕೆಲಸ ಸಾಗದು. ಸ್ನಾನದ ಒಲೆಯ ಬೂದಿ ಗೋಡೆಯಾಚೆಯ ಡಬ್ಬಿಗೆ ಸೇರುವುದನ್ನು ಕಂಡು ನನಗೆ ನನ್ನ ಬುದ್ಧಿಯ ಮೇಲೇ ಗೌರವ ಮೂಡಿತು. ನನ್ನವಳಿಗೆ ಮೂಡಲಿಲ್ಲ.

ಇಂಗ್ಲೆಂಡಿನ ಡಾರ್ಸೆಟ್ ಕಡೆ ಹೆನ್ರಿ ಮೌಲ್ ಎಂಬ ಪಾದ್ರಿಯೊಬ್ಬರಿದ್ದರು. ಒಣ ಮಣ್ಣು ಮುಚ್ಚಿದರೆ ಕೆಲವೇ ವಾರದಲ್ಲಿ ಎಲ್ಲವೂ ಮಣ್ಣಾಗುವುದನ್ನು ತಮ್ಮ ಹಿತ್ತಲಲ್ಲಿ ಕಂಡುಕೊಂಡು, ಹಿಡಿ ಎಳೆದರೆ ಮಣ್ಣು ಉದುರುವ ಪೀಠಕ್ಕೆ 1860ರಲ್ಲಿ ಪೇಟೆಂಟ್ ಪಡೆದರು. ಪುಣ್ಯಾತ್ಮನಿಗೆ ಚೊಂಬಿನ ಕಾಟವಿರಲಿಲ್ಲ. ನಾವು ತೊಳೆಯುವ ಜನ. ಕೂತಲ್ಲೇ ತೊಳೆದರೆ ಗೂಡಿಗೆ ನೀರು. ಆದ್ದರಿಂದ ಕೆಲಸ ಮುಗಿದ ಮೇಲೆ ಕುಕ್ಕರಗಾಲಲ್ಲೇ ಒಂದು ಗೇಣು ಹಿಂದೆ ಸರಿಯಬೇಕು. ಅರವತ್ತೆರಡರ ಮಂಡಿಗೆ ಇದು ಭರತನಾಟ್ಯ. ಗೋಡೆಗೆ ಒಂದು ಕಬ್ಬಿಣದ ಹಿಡಿ ಹಾಕಿಸಿದೆ.

ಊರಲ್ಲಿ ಸುದ್ದಿ ಹರಡಿತು. ‘ಮೇಷ್ಟ್ರು ಅದನ್ನು ತುಂಬಿಟ್ಟುಕೊಳ್ತಾರಂತೆ.’ ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಮುಟ್ಟಬಾರದು, ನೋಡಬಾರದು ಎನ್ನುವ ನಮ್ಮ ಮಡಿಯ ಭಾರವನ್ನು ಬೇರೆ ಯಾರದೋ ತಲೆ ಹೊತ್ತಿತ್ತು. ಎಪ್ಪತ್ತರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಾಗ ನಾನು ಚಡ್ಡಿ ಹಾಕುತ್ತಿದ್ದ ಹುಡುಗ. ಪೇಟೆಯಲ್ಲಿದ್ದ ಅತ್ತೆಯ ಮನೆಯ ಹಿಂದುಗಡೆ ಒಂದು ಸಣ್ಣ ತಗಡಿನ ಬಾಗಿಲಿತ್ತು. ಬೆಳಿಗ್ಗೆ ಅದು ಕಿರುಗುಟ್ಟಿದರೆ ಅತ್ತೆ “ಒಳಗೆ ಬಾರೋ” ಎಂದು ನನ್ನನ್ನು ಕರೆಯುತ್ತಿದ್ದಳು. ಆ ಬಾಗಿಲು ತೆಗೆಯುತ್ತಿದ್ದವರ ಮುಖವನ್ನು ನಾನು ನೋಡಿಯೇ ಇಲ್ಲ. ನಮ್ಮ ಗೂಡನ್ನು ನಾನೇ ಬರಿದು ಮಾಡುವುದು, ಆಳಿಗೆ ಹೇಳುವುದಿಲ್ಲ ಎಂದು ಮೇಸ್ತ್ರಿಯೆದುರೇ ಹೇಳಿಬಿಟ್ಟೆ. ಅವನು ಮೊದಲ ಸಲ ನಕ್ಷೆಯನ್ನು ಸರಿಯಾಗಿ ಹಿಡಿದು ನೋಡಿದ.

ದೀಪಾವಳಿಗೆ ಭಾಮೈದ ಬಂದ. ಬೆಂಗಳೂರಿನವನು, ಶುದ್ಧಿಯ ಮನುಷ್ಯ. ನಾನು ಮೂರು ಬಾಯಿಗಳ ಪಾಠ ಮಾಡಿ, ‘ನಡುವೆ ನೀರು ಹಾಕಬಾರದು’ ಎಂದು ಬಳಪದಲ್ಲಿ ಬರೆದೂ ಇಟ್ಟಿದ್ದೆ. ಆತ ಓದಿದ, ತಲೆಯಾಡಿಸಿದ, ಹೊರಡುವ ದಿನ ಮನೆಯವರಿಗೆ ತೊಂದರೆಯಾಗಬಾರದೆಂದು ಎರಡು ಬಕೆಟ್ ನೀರನ್ನು ನಡುವಿನ ಬಾಯಿಗೇ ಸುರಿದ. ಆಮೇಲೆ ಹಲ್ಲುಜ್ಜುವ ಬ್ರಷ್ಷು ಕಾಣುತ್ತಿಲ್ಲವೆಂದು ಅರ್ಧ ಗಂಟೆ ಹುಡುಕಿ, ಸಿಗದೆ ಬಸ್ಸು ಹತ್ತಿದ. ಮೂರನೇ ದಿನಕ್ಕೆ ಗೂಡು ಮಾತನಾಡತೊಡಗಿತು. ನೊಣ, ಹುಳ, ನಾತ. ನನ್ನವಳು ತವರನ್ನು ಬಿಟ್ಟುಕೊಡದೆ, “ನಿಮ್ಮ ಯಂತ್ರಕ್ಕೆ ಎರಡು ಬಕೆಟ್ ನೀರು ತಡೆಯುವ ಶಕ್ತಿ ಇಲ್ಲವೇ?” ಎಂದಳು. ಗಿರಣಿಯಿಂದ ಮೂರು ಚೀಲ ಭತ್ತದ ಹೊಟ್ಟು ತಂದು ಸುರಿದ ಮೇಲೆ ಅದು ಸಮಾಧಾನವಾಯಿತು.

ಆ ಗೂಡು ತುಂಬಿದ ಮೇಲೆ ಬಾಯಿ ಮುಚ್ಚಿ ಪಕ್ಕದ್ದಕ್ಕೆ ವರ್ಗವಾದೆವು. ನಮ್ಮಂಥ ಸೆಕೆಯ ನಾಡಿನಲ್ಲೂ ಒಂದು ವರ್ಷಕ್ಕೆ ಮೇಲೆ ಕಾಯಬೇಕು. ಎಲ್ಲಕ್ಕಿಂತ ಗಟ್ಟಿ ಜಂತುಹುಳುವಿನ ಮೊಟ್ಟೆ, ಅದು ಸಾಯಲು ಅವಸರ ಮಾಡುವುದಿಲ್ಲ. ಕ್ಯಾನಿನದನ್ನು ನೀರು ಬೆರೆಸಿ ಬಾಳೆಗೆ ಹಾಕುತ್ತಿದ್ದೆ. ಎಲೆ ಕಪ್ಪುಹಸಿರಾಗಿ ಬಂದದ್ದನ್ನು ನೋಡಿ ಪಕ್ಕದ ತೋಟದವರು ಯಾವ ಯೂರಿಯಾ ಎಂದು ಕೇಳಿದರು. ಹೆಸರು ಹೇಳಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ ಹಿಂದಿನ ಕಲ್ಲು ತೆಗೆದೆ. ಮೇಸ್ತ್ರಿಯೂ ಬಂದಿದ್ದ, ಟವೆಲ್ಲು ಮೂಗಿಗೆ ಕಟ್ಟಿಕೊಂಡು. ಒಳಗೆ ಕಾಫಿ ಚರಟದಂಥ ಕಪ್ಪು ಪುಡಿ. ಮೊದಲ ಮಳೆ ಬಿದ್ದ ಕಾಡಿನ ವಾಸನೆ. ಮೇಸ್ತ್ರಿ ಟವೆಲ್ಲು ಬಿಚ್ಚಿದ. ತರಕಾರಿಗೆ ಬೇಡವೆಂದು ಅಡಿಕೆ ಬುಡಕ್ಕೆ ಹಾಕಲು ಬುಟ್ಟಿಗೆ ಎಳೆಯುತ್ತಿದ್ದಾಗ ಗುದ್ದಲಿಗೆ ಏನೋ ಸಿಕ್ಕಿತು. ಎಲ್ಲವೂ ಮಣ್ಣಾಗಿದ್ದ ಆ ಜಾಗದಲ್ಲಿ ಒಂದು ಎಳೆಯೂ ಉದುರದೆ ನೀಲಿ ಬ್ರಷ್ಷು.

ರಾತ್ರಿ ಗುಡ್ಡದ ನೆತ್ತಿಗೆ ಹತ್ತಿ, ಸಿಗ್ನಲ್ ಹಿಡಿದು ಭಾಮೈದನಿಗೆ ಸುದ್ದಿ ಮುಟ್ಟಿಸಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮೌನ.

“ಕೊರಿಯರ್ ಮಾಡಬೇಡಿ ಭಾವ” ಎಂದ.