ಸೀತೆದಂಡೆ ಗುರುತಿಸುವ ಕೈಪಿಡಿ

ಬೇಕಾಗುವ ಸಾಮಗ್ರಿ: ಉಳುಕಿಲ್ಲದ ಕುತ್ತಿಗೆ ಒಂದು. ಮಲೆನಾಡಿನ ಹಳೇ ಹಲಸಿನ ಮರವೋ ಮಾವಿನ ಮರವೋ ಒಂದು. ಆ ಮರ ಯಾರದೆಂದು ಗೊತ್ತಿದ್ದರೆ ಒಳ್ಳೆಯದು; ಅವರ ಮನೆಯಲ್ಲಿ ನಾಯಿ ಇದೆಯೇ ಎಂದು ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಕಾಲ: ವಸಂತ ಮುಗಿಯುತ್ತ ಬಂದು, ಅಂಗಳದಲ್ಲಿ ಒಣಗಲು ಹಾಕಿದ ಹಲಸಿನ ಹಪ್ಪಳವನ್ನು ಮಳೆ ಬಂತೆಂದು ಚಾಪೆ ಸಮೇತ ಒಳಗೆಳೆಯುವ ಮೇ ತಿಂಗಳು.

ಹಂತ 1: ನೆಲ ನೋಡಬೇಡಿ, ಕೊಂಬೆ ನೋಡಿ. ಸೀತೆದಂಡೆ ಮರದ ಮೇಲೆ ಬೆಳೆಯುವ ಆರ್ಕಿಡ್; ತೊಗಟೆಗೆ ಅಂಟಿಕೊಂಡ ಬೆಳ್ಳಿಬಣ್ಣದ ಹುರಿಗಳೇ ಅದರ ಬೇರು. ಮಳೆ ತಾಗಿದೊಡನೆ ಹಸಿರಾಗುತ್ತವೆ. ಬಂದಳಿಕೆ ಎಂದು ಬೈಯಬೇಡಿ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಇದು ಕೂರಲು ಜಾಗ ಕೇಳುತ್ತದೆ, ಊಟ ಕೇಳುವುದಿಲ್ಲ. ಇಂಥ ನೆಂಟರು ಅಪರೂಪ.

ಹಂತ 2: ಎಲೆ ನೋಡಿ. ದಪ್ಪ ಪಟ್ಟಿ, ತುದಿ ಯಾರೋ ಕಚ್ಚಿ ಬಿಟ್ಟಂತೆ ಏರುಪೇರು. 1753ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಈ ಮೊಂಡು ತುದಿ ಹಿಡಿದೇ 'ರೆಟ್ಯೂಸ' ಎಂದು ಹೆಸರಿಟ್ಟ. ನಮ್ಮ ಅಜ್ಜಿಯರು ಹೂ ನೋಡಿ ಹೆಸರಿಟ್ಟರು.

ಹಂತ 3: ಹೂ ನೋಡಿ. ನರಿಯ ಬಾಲದಂತೆ ಜೋತ ಒಂದೇ ದಂಡೆಯಲ್ಲಿ ನೂರಕ್ಕೂ ಹೆಚ್ಚು ಹೂ. ಬಿಳಿ ಎಸಳಿಗೆ ಗುಲಾಬಿ-ನೇರಳೆ ಚುಕ್ಕೆ. ತುಟಿ ಮಾತ್ರ, ಈಗಷ್ಟೇ ಕವಳ ಹಾಕಿದಂತೆ, ರಂಗೋ ರಂಗು.

ಹಂತ 4: ಊರವರನ್ನು ಕೇಳಿ. ಒಬ್ಬರು ಸೀತೆದಂಡೆ ಎನ್ನುತ್ತಾರೆ, ಇನ್ನೊಬ್ಬರು ದ್ರೌಪದಿ ಮಾಲೆ. ಜಗಳ ಬಿಡಿಸಲು ಹೋಗಬೇಡಿ. ವನವಾಸ ಇಬ್ಬರಿಗೂ ಆಗಿತ್ತು. ಅಸ್ಸಾಮಿನಲ್ಲಿ ಇದೇ 'ಕಪೌ ಫೂಲ್', ರಾಜ್ಯಪುಷ್ಪ. ಬಿಹು ಕುಣಿಯುವ ಹುಡುಗಿಯರ ತುರುಬಿನ ಸಿಂಗಾರ.

ಹಂತ 5: ಗಿಡವನ್ನು ಮನೆಗೊಯ್ಯುವುದು. ಇಂಥ ಹಂತವೇ ಇಲ್ಲ. ಇದೆ ಎಂದುಕೊಂಡು ನಾನೊಮ್ಮೆ ಕಿತ್ತು ತಂದೆ. ಬೆಂಗಳೂರಿನ ಬಾಲ್ಕನಿಯಲ್ಲಿ ಕುಂಡಕ್ಕೆ ಕೆಮ್ಮಣ್ಣು, ಸಗಣಿಗೊಬ್ಬರ ತುಂಬಿ ನೆಟ್ಟು, ದಿನಕ್ಕೆರಡು ಸಲ ನೀರೆರೆದೆ. ಗಾಳಿಗೆ ಒಗ್ಗಿದ ಬೇರು ತಿಂಗಳೊಳಗೆ ಕೊಳೆತುಹೋಯಿತು. ಈ ಗಿಡದ ಬೀಜ ಧೂಳಿನಷ್ಟು ಸಣ್ಣದು, ಬುತ್ತಿ ಕಟ್ಟಿಕೊಂಡು ಹೊರಟದ್ದಲ್ಲ. ತಕ್ಕ ಶಿಲೀಂಧ್ರ ಜೊತೆಯಾದರಷ್ಟೇ ಮೊಳೆಯುತ್ತದೆ. ಆಮೇಲೆ ಹೂ ಬಿಡಲು ವರ್ಷಗಟ್ಟಲೆ ಬೇಕು. ನನಗೆ ಕೀಳಲು ಎರಡು ನಿಮಿಷ ಸಾಕಾಗಿತ್ತು.

ಕೊನೆಯ ಪರೀಕ್ಷೆ: ಮುಂದಿನ ಮೇ ತಿಂಗಳಲ್ಲಿ ಅದೇ ಮರದಡಿ ನಿಂತು ತಲೆ ಎತ್ತಿ. ದಂಡೆ ಅಲ್ಲೇ ತೂಗುತ್ತಿದ್ದರೆ, ನೀವು ಸರಿಯಾಗಿ ಗುರುತಿಸಿದ್ದೀರಿ.