ಅವ್ನಿಗೊಸಿ ತಿಕ್ಲು

ಬೆಳಕವಾಡಿಯ ಟೀ ಅಂಗಡಿಯಲ್ಲಿ ಒಬ್ಬಾತ, ಕಬ್ಬು ಕಿತ್ತು ಡ್ರ್ಯಾಗನ್ ಫ್ರೂಟ್ ಹಾಕ್ತೀನಿ ಅಂದ. ಬೆಂಚಿನ ಮೇಲಿದ್ದ ಹಿರಿಯರು ಲೋಟದಿಂದ ತಲೆ ಎತ್ತದೆಯೇ ತೀರ್ಪು ಕೊಟ್ಟರು: "ಬುಡ್ಲಾ, ಅವ್ನಿಗೊಸಿ ತಿಕ್ಲು."

ಆ 'ಒಸಿ' ಗಮನಿಸಿ. ಹುಚ್ಚು ಪೂರ್ತಿ ಹಿಡಿಯುತ್ತದೆ. ತಿಕ್ಲು ಒಸಿ ಒಸಿಯೇ ಇರುವುದು. ತಿಕ್ಲು ಮನುಷ್ಯ ಉಳುತ್ತಾನೆ, ಉಣ್ಣುತ್ತಾನೆ, ಸಾಲವನ್ನೂ ತೀರಿಸುತ್ತಾನೆ. ಊರೆಲ್ಲ ಬಲಕ್ಕೆ ತಿರುಗುವಲ್ಲಿ ಎಡಕ್ಕೆ ತಿರುಗುತ್ತಾನೆ, ಅಷ್ಟೆ. ಹುಚ್ಚನ್ನು ಕಂಡರೆ ಊರು ಹೆದರುತ್ತದೆ, ತಿಕ್ಲನ್ನು ಕಂಡರೆ ನಗುತ್ತದೆ. ಹೆಣ್ಣು ಕೊಡುವ ಮಾತು ಬಂದಾಗ ಮಾತ್ರ ನಗು ನಿಲ್ಲುತ್ತದೆ.

ಪುಸ್ತಕದಲ್ಲಿ ಇದು 'ತಿಕ್ಕಲು'. ತಲೆ ಕೆಟ್ಟವರಿಗೆ ನಿಂಬೆಹಣ್ಣು ತಿಕ್ಕುತ್ತಾರಲ್ಲ, ಅದರಿಂದಲೇ ಬಂದ ಪದ ಅಂತ ನಾನೂ ಪಾಂಡಿತ್ಯ ತೋರಿಸಬಹುದು. ಆದರೆ ತೆಲುಗಿನವರೂ ಇಂಥ ಬುದ್ಧಿಗೆ 'ತಿಕ್ಕ' ಎನ್ನುತ್ತಾರೆ. ಎರಡೂ ಒಂದೇ ಬಳ್ಳಿಯವು. ಕೊಟ್ಟವರಾರು, ಇಸಕೊಂಡವರಾರು ಎಂಬ ಜಗಳ ಬೇಡ. ಮಂಡ್ಯದವರಿಗೆ ನೀರಿನ ಜಗಳವೇ ಹಾಸಿ ಹೊದೆಯುವಷ್ಟಿದೆ.

ಪದ ಎಲ್ಲಿಯದೇ ಇರಲಿ, ಫಸಲು ಮಾತ್ರ ನಮ್ಮ ಮಳವಳ್ಳಿ ಸೀಮೆಯಲ್ಲಿ ಹುಲುಸು. ಬೊಪ್ಪೇಗೌಡನಪುರದಲ್ಲಿ ಗದ್ದುಗೆಯಾಗಿರುವ ಮಂಟೇಸ್ವಾಮಿಯನ್ನೇ ನೋಡಿ. ಬಸವಣ್ಣನವರ ಕಲ್ಯಾಣಕ್ಕೆ ಆತ ಮಡಿ ಉಟ್ಟು ಹೋಗಲಿಲ್ಲ. ಆತನ ಕಥೆ ಹಾಡುವ ನೀಲಗಾರರು ಹೇಳುವಂತೆ, ಗಬ್ಬು ನಾರುವ ವೇಷದಲ್ಲಿ ಸತ್ತ ಕರು ಹೊತ್ತು ಬಾಗಿಲಿಗೆ ಬಂದ. ವಿಭೂತಿಯವರು ಮೂಗು ಮುಚ್ಚಿಕೊಂಡರು. ಬಸವಣ್ಣ ಗುರುತು ಹಿಡಿದರು. ಅಂದು ಬಾಗಿಲಲ್ಲಿ ತಡೆಸಿಕೊಂಡವನನ್ನು ಇಂದು ಒಕ್ಕಲೆಲ್ಲ 'ಪರಂಜ್ಯೋತಿ' ಎಂದು ಕರೆಯುತ್ತದೆ.

ಇನ್ನೊಂದು ತಿಕ್ಲು ಇಲ್ಲೇ ಪಕ್ಕದ ಶಿವನಸಮುದ್ರದ್ದು. ಧುಮ್ಮಿಕ್ಕುವ ಕಾವೇರಿಯನ್ನು ಕಂಡರೆ ಜನ ಕೈ ಮುಗಿಯುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ ಸರ್ಕಾರದವರು, ಈ ನೀರಿನಿಂದ ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿ ನಡೆಸೋಣ ಎಂದರು! ಬೆಂಚಿನ ಹಿರಿಯರು ಆಗ ಇದ್ದಿದ್ದರೆ ಏನೆನ್ನುತ್ತಿದ್ದರು, ಹೇಳಬೇಕೆ? 1902ರಲ್ಲಿ ತಂತಿಯ ಮೇಲೆ ಕರೆಂಟು ಹೋಗಿಯೇ ಹೋಯಿತು. 1905ಕ್ಕೆ ಬೆಂಗಳೂರಿನ ಬೀದಿದೀಪವೂ ಹೊತ್ತಿತು.

ಹಾಗೆಂದು ತಿಕ್ಲರೆಲ್ಲ ದಿವಾನರಾಗುತ್ತಾರೆ ಅಂತಲ್ಲ. ಡ್ರ್ಯಾಗನ್ ಫ್ರೂಟ್ ಮುಳ್ಳು ಮಾತ್ರ ಬಿಟ್ಟರೂ ಬಿಡಬಹುದು. ಆದರೂ ಇನ್ನು ಮುಂದೆ ಯಾರನ್ನಾದರೂ ತಿಕ್ಲು ಅನ್ನುವ ಮುಂಚೆ ಮನೆಯ ಸ್ವಿಚ್ಚು ಹಾಕಿ ಒಸಿ ಯೋಚಿಸಿ.

ಕರೆಂಟಿದ್ದರೆ.