ಥ್ರೆಡ್ಡು ಕೂತ ಮಾತ್ರಕ್ಕೆ

ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ ಯಾವ ಬಡಾವಣೆಗೆ ಬೇಕಾದರೂ ಹೋಗಿ, ಶಾಮಿಯಾನದ ಅಂಗಡಿಯ ಆಸುಪಾಸಿನಲ್ಲಿ ಒಬ್ಬ ಮೈಕ್‌ಸೆಟ್ ಅಣ್ಣ ಇದ್ದೇ ಇರುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ, ಅದನ್ನು ಕರೆದವರಿಲ್ಲ. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ನವೆಂಬರ್ ಪೂರ್ತಿ ಎಳೆಯುವ ರಾಜ್ಯೋತ್ಸವ ಅವನ ಸುಗ್ಗಿ. ಮಿಕ್ಕ ದಿನ ಎಸ್‌ಪಿ ರೋಡಿನಿಂದ ಡಯಾಫ್ರಮ್ ತಂದು, ಸ್ಟೂಲಿನ ಮೇಲೆ ಕೂತು, ಹಾರ್ನಿಗೆ ಸದ್ದು ಊಡುವ, ಸುಟ್ಟುಹೋದ ಯೂನಿಟ್ಟುಗಳ ಹೊಟ್ಟೆ ಬಿಚ್ಚುತ್ತಿರುತ್ತಾನೆ.

ಅವನಿಗೆ ಹಾಡು ಕೇಳಿಸುವುದಿಲ್ಲ, ಯೂನಿಟ್ಟು ಕೇಳಿಸುತ್ತದೆ. ವಿಜಯನಗರದ ಛತ್ರವೊಂದರಲ್ಲಿ ಆರತಕ್ಷತೆ. ಆರ್ಕೆಸ್ಟ್ರಾದವರು ಭಾವಪರವಶರಾಗಿ ಹಾಡುತ್ತಿದ್ದರು. ‘ಹೆಂಗಿದೆ ಅಣ್ಣ?’ ಅಂದೆ. ‘ಬಲಗಡೆ ಟಾಪ್‌ನಲ್ಲಿ ಡಯಾಫ್ರಮ್ ಸೀಳಿದೆ, ಕರಕರ ಅಂತಿದೆ, ಕೇಳಿಸ್ತಿಲ್ವಾ ನಿಮಗೆ?’ ಎಂದು ನನ್ನ ಕಿವಿಯನ್ನೇ ಅನುಮಾನಿಸಿದ. ಎಲೆ ಮುಂದೆ ಕೂತವನು ತಡೆಯಲಾರದೆ ಎದ್ದು ಹೋಗಿ ಬಾಕ್ಸಿನ ಬೆನ್ನು ತಡವಿ ಬಂದ. ಅಷ್ಟರಲ್ಲಿ ಹೋಳಿಗೆ ಬಡಿಸುವವರು ಅವನ ಎಲೆ ದಾಟಿಯಾಗಿತ್ತು.

ಅವನ ಸಿದ್ಧಾಂತ ಒಂದೇ. ಥ್ರೆಡ್ಡು ಕೂತ ಮಾತ್ರಕ್ಕೆ ಜೋಡಿ ಆಗಲ್ಲ. ಯಾವ ಯೂನಿಟ್ಟನ್ನು ಯಾವ ಹಾರ್ನಿಗೆ ತಿರುಗಿಸಿದರೂ ಹೆಚ್ಚುಕಮ್ಮಿ ಕೂತುಬಿಡುತ್ತೆ, ತೊಂದರೆ ಶುರುವಾಗೋದೇ ಅಲ್ಲಿ ಎನ್ನುತ್ತಾನೆ. (ಒಳಗಿಂದ ಅವನ ಹೆಂಡತಿ ಕೆಮ್ಮುತ್ತಾರೆ.) ಎರಡಿಂಚು ಗಂಟಲಿನ ಹಾರ್ನಿಗೆ ಒಂದಿಂಚಿನ ಯೂನಿಟ್ಟನ್ನು ಅಡಾಪ್ಟರ್ ಹಾಕಿ ಸಿಕ್ಕಿಸಿದ್ದನ್ನು ಕಂಡರಂತೂ ಅವನಿಗೆ ರಾತ್ರಿ ನಿದ್ದೆ ಇಲ್ಲ. ಗಂಟಲು ಇದ್ದಕ್ಕಿದ್ದಂತೆ ಅಗಲವಾದ ಕಡೆ ಸದ್ದು ಮುಗ್ಗರಿಸಿ ಒಂದಷ್ಟು ವಾಪಸ್ ಬರುತ್ತದೆ.

ಅವನ ನಿಜವಾದ ಶತ್ರುಗಳು ಗೆಳೆಯರ ಬಳಗದ ಹುಡುಗರು. ಗಣೇಶನ ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗಲೇ ಬಂದು ನಿಲ್ಲುತ್ತಾರೆ.

‘ಅಣ್ಣ, ಬೇಸ್ ಎದೆಗೆ ಗುದ್ದಬೇಕು. ಕಂಬಕ್ಕೆ ನಾಲ್ಕು ಹಾರ್ನ್ ಜಾಸ್ತಿ ಕಟ್ಟಿಬಿಡಿ.’

ಅಣ್ಣ ಟೇಪು ಹಿಡಿದು ಎದ್ದ. ‘ಬಾ ಇಲ್ಲಿ. ಈ ಹಾರ್ನಿನ ಬಾಯಿ ಎಷ್ಟು? 14 ಇಂಚು. ಸುತ್ತಳತೆ ಒಂದು ಮೀಟರ್ ಚಿಲ್ಲರೆ. 300 ಹರ್ಟ್ಜ್ ಅಲೆಯ ಉದ್ದಾನೂ ಅಷ್ಟೇ. ಅಲ್ಲಿಗೆ ಇದರ ಯೋಗ್ಯತೆ ಮುಗೀತು. ನೀನು ಕೇಳೋ ಬೇಸು 100ರ ಕೆಳಗಿದೆ. ಅದಕ್ಕೆ ಮೂರೂವರೆ ಅಡಿ ಬಾಯಿ ಬೇಕು. ಕಂಬ ಹತ್ತಿಸೋನು ನೀನಾ, ನಿಮ್ಮಪ್ಪನಾ?’

ಹುಡುಗ ನಕ್ಕ. ಅಣ್ಣ ನಗಲಿಲ್ಲ. ಆ 300ರ ಕೆಳಗೆ ಹಾರ್ನು ಗಾಳಿಯ ಹಿಡಿತ ಬಿಟ್ಟುಬಿಡುತ್ತದೆ, ತಳ್ಳಲು ಏನೂ ಸಿಗದೆ ಡಯಾಫ್ರಮ್ಮು ಮಿತಿಮೀರಿ ಹಾರಿ ಕಾಯಿಲನ್ನು ಹರಿದುಕೊಳ್ಳುತ್ತದೆ. ಹಬ್ಬ ಮುಗಿದ ಮೇಲೆ ಆ ಹೆಣಗಳು ಬರುವುದು ಇವನ ಸ್ಟೂಲಿನ ಬಳಿಗೇ. ಆದ್ದರಿಂದ ಪ್ರತಿ 16 ಓಮ್ ಯೂನಿಟ್ಟಿನ ವೈರಿಗೆ 33 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಸೇರಿಸಿ, ಕಪ್ಪು ಟೇಪು ಸುತ್ತಿ ಅಡಗಿಸಿಡುತ್ತಾನೆ. 300ರ ಕೆಳಗಿನ ಸದ್ದನ್ನು ಅದು ಬಾಗಿಲಲ್ಲೇ ಅಡ್ಡಗಟ್ಟುತ್ತದೆ. ಹುಡುಗರಿಗೆ ಗೊತ್ತಾದರೆ ಬೇಸ್ ಕದ್ದ ಅಂತ ಗಲಾಟೆ.

‘ಪಕ್ಕದ ಕ್ರಾಸಿನವರು ಸಾವಿರ ವಾಟ್ ಹಾಕಿದಾರಂತೆ ಅಣ್ಣ.’

‘ಹಾಕ್ಲಿ. ವಾಟ್ ಡಬಲ್ ಮಾಡಿದ್ರೆ ಏರೋದು ಮೂರೇ ಡೆಸಿಬಲ್. ಕಿವಿಗೆ ಡಬಲ್ ಅನ್ನಿಸ್ಬೇಕಂದ್ರೆ ಹತ್ತರಷ್ಟು ವಾಟ್ ಬೇಕು. ಹತ್ತರಷ್ಟು ಅಡ್ವಾನ್ಸ್ ತಂದಿದೀಯಾ?’

ಮಾತು ಅಲ್ಲಿಗೆ ನಿಂತಿತು.

ಮುಖಂಡರ ಕಾಟ ಬೇರೆ ತರಹದ್ದು. ಮೈಕು ಹಿಡಿದು ನೇರ ಹಾರ್ನಿನ ಬಾಯಿಗೇ ಬಂದು ನಿಲ್ಲುವುದು, ‘ಕೂಂಯ್’ ಅಂದ ಕೂಡಲೇ ಅಣ್ಣನ ಕಡೆ ಕೆಕ್ಕರಿಸುವುದು. ‘ಸೌಂಡ್ ಕೊಡಪ್ಪಾ!’ ಅಂದವರಿಗಾಗಿ ಆಂಪ್ಲಿಯಲ್ಲಿ ಯಾವುದಕ್ಕೂ ಕನೆಕ್ಷನ್ ಇಲ್ಲದ ಒಂದು ತಿರುಗಣೆ ಇದೆ. ಎಲ್ಲರಿಗೂ ಕಾಣುವಂತೆ ಅದನ್ನು ತಿರುಗಿಸುತ್ತಾನೆ. ‘ಹಾಂ, ಈಗ ಬಂತು’ ಎಂದು ಮುಖಂಡರು ಭಾಷಣ ಮುಂದುವರಿಸುತ್ತಾರೆ.

ಒಮ್ಮೆ ನನ್ನ ಪಾಂಡಿತ್ಯ ತೋರಿಸಲು ಹೋದೆ. ಜೆನ್ಸನ್, ಪ್ರಿಡಮ್ ಎಂಬಿಬ್ಬರು 1915ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಯಿಲ್ಲಿಗೆ ಹಾರ್ನು ಜೋಡಿಸಿ ಕೂಗಿಸಿದರು, 1919ರಲ್ಲಿ ಸ್ಯಾನ್ ಡಿಯಾಗೋದ ಮೈದಾನದಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ ಆ ಇಬ್ಬರ ಹಾರ್ನಿನಲ್ಲಿ ಭಾರಿ ಜನಸ್ತೋಮಕ್ಕೆ ಭಾಷಣ ಮಾಡಿದರು, ಅಧ್ಯಕ್ಷರನ್ನು ಗಾಜಿನ ಗೂಡಿನೊಳಗೆ ನಿಲ್ಲಿಸಿದ್ದರು ಎಂದೆ. ಅಧ್ಯಕ್ಷರು ಏನು ಮಾತಾಡಿದರು ಅಂತ ಅವನು ಕೇಳಲಿಲ್ಲ. ‘ಗಾಜಿನ ಗೂಡು’ ಎಂದು ಎರಡು ಸಲ ಹೇಳಿಕೊಂಡ. ‘ನಮ್ಮ ವಾರ್ಡಿಗೆ ಒಂದು ಮಾಡಿಸಿದ್ರೆ ಎಷ್ಟಾಗಬಹುದು?’

ಕಾನೂನಿನ ವಿಷಯದಲ್ಲಿ ಅಣ್ಣ ಗಟ್ಟಿಗ. 2000ದ ಶಬ್ದಮಾಲಿನ್ಯ ನಿಯಮ ಬಾಯಿಪಾಠ. ರಾತ್ರಿ ಹತ್ತಕ್ಕೆ ಬಂದ್, ಆಸ್ಪತ್ರೆಯಿಂದ ನೂರು ಮೀಟರ್ ಸುತ್ತ ಸದ್ದಿಲ್ಲ, ಮನೆಗಳಿರುವ ಕಡೆ ಹಗಲಿಗೆ 55 ಡೆಸಿಬಲ್. ಇಎಸ್‌ಐ ಆಸ್ಪತ್ರೆ ಹತ್ತಿರ ಬಂದರೆ ಮೆರವಣಿಗೆಯ ಆಂಪ್ಲಿಯನ್ನು ತಾನೇ ಆಫ್ ಮಾಡುತ್ತಾನೆ. ಆ 55ರ ಬಗ್ಗೆ ಮಾತ್ರ ಒತ್ತಿ ಕೇಳಬಾರದು. ಒಂದು ಮೀಟರ್ ದೂರದಲ್ಲಿ 110 ಡೆಸಿಬಲ್ ಕೊಡುವ ಹಾರ್ನು, ಅದೂ ಒಂದೇ ವಾಟ್ ಕುಡಿದು, ಬಯಲಿನಲ್ಲಿ 55ಕ್ಕೆ ಇಳಿಯಬೇಕಾದರೆ ಲೆಕ್ಕದ ಪ್ರಕಾರ ಅರ್ಧ ಕಿಲೋಮೀಟರ್ ದಾಟಬೇಕು. ಬಸವೇಶ್ವರನಗರದಲ್ಲಿ ಅಷ್ಟು ಬಯಲು ಎಲ್ಲಿದೆ?

ಹಾರ್ನಿನ ಸದ್ದು ಬಾಯಿಯ ಕಡೆ ಹೋದಷ್ಟು ಬೆನ್ನಿನ ಕಡೆ ಬರುವುದಿಲ್ಲ. ತನ್ನ ಬೀದಿಯ ಆರ್ಡರ್ ಬಂದಾಗ ಅಣ್ಣ ಈ ಗುಣವನ್ನು ಪೂರ್ತಿ ಬಳಸಿಕೊಳ್ಳುತ್ತಾನೆ. ಎದುರುಮನೆಯ ನಿವೃತ್ತ ಮೇಷ್ಟ್ರಿಗೆ ಇದು ಗೊತ್ತಾಗಲು ಮೂರು ಗಣೇಶ ಮುಳುಗಬೇಕಾಯಿತು. ‘ಏನಯ್ಯಾ, ಎಲ್ಲಾ ಹಾರ್ನೂ ನಮ್ಮನೆ ಕಡೆಗೇ ತಿರುಗಿಸಿ, ನಿಮ್ಮನೆ ಮಾತ್ರ ಹಿಂದಕ್ಕೆ ಬಿಟ್ಕೊಂಡಿದೀಯಲ್ಲ?’ ಎಂದು ಗೇಟಿಗೇ ಬಂದರು.

‘ನಮ್ಮ ಮಹಡಿ ಮೇಲಿನ ಪೋರ್ಷನ್ ಖಾಲಿ ಇದೆ ಸಾರ್, ಒಂದು ಸದ್ದಿಲ್ಲ, ಬಂದುಬಿಡಿ’ ಎಂದ ಅಣ್ಣ. ‘ಹತ್ತು ತಿಂಗಳ ಅಡ್ವಾನ್ಸು.’